‘ಎಣಿಸಿದರೆ ಆಗಲ್ವಾ ಸಾರ್?’: ನಾಣ್ಯದ ಲೆಕ್ಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗಣಿತದ ಪಠ್ಯಪುಸ್ತಕ ಬರೆಯುವವರು, ಪ್ರಶ್ನೆಪತ್ರಿಕೆ ತೆಗೆಯುವವರು, ಉತ್ತರಪತ್ರಿಕೆ ತಿದ್ದುವವರು, ಮೂವರಿಗೂ ಸೇರಿಸಿ ಈ ಒಂದೇ ಪತ್ರ ಬರೆಯುತ್ತಿದ್ದೇನೆ. ನಾನು ಅರಸೀಕೆರೆ ಸೀಮೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟವನು. ಹತ್ತನೇ ತರಗತಿಯ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ’ ಎಂಬ ಉದ್ದನೆಯ ಹೆಸರಿನ ಪಾಠ ನನಗೆ ಬಹಳ ಪ್ರಿಯವಾದದ್ದು. ಅದರಲ್ಲೂ ನಾಣ್ಯದ ಲೆಕ್ಕಗಳು. ಅವುಗಳ ಬಗ್ಗೆಯೇ ನಿಮ್ಮೊಡನೆ ಮಾತಾಡಬೇಕಿದೆ.

ಕೆಲಸಕ್ಕೆ ಸೇರಿದ ಹೊಸತು. ಬೋರ್ಡಿನ ಮೇಲೆ ಲೆಕ್ಕ ಬರೆದಿದ್ದೆ. ಒಬ್ಬನ ಜೇಬಿನಲ್ಲಿ 2 ರೂಪಾಯಿಯವೂ 5 ರೂಪಾಯಿಯವೂ ಸೇರಿ 20 ನಾಣ್ಯಗಳಿವೆ. ಎಲ್ಲ ಸೇರಿ 64 ರೂಪಾಯಿ. ಹಾಗಾದರೆ ಎರಡರವು ಎಷ್ಟು, ಐದರವು ಎಷ್ಟು? ಬರೆದು ಮುಗಿಸಿ ಕೈಯ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ‘ಜೇಬಲ್ಲೇ ಇದೆಯಲ್ಲ, ತೆಗೆದು ಎಣಿಸಿದರೆ ಆಗಲ್ವಾ ಸಾರ್?’ ಅಂದ. ತರಗತಿ ಗೊಳ್ಳೆಂದಿತು. ‘ಕೂತ್ಕೊಳೋ’ ಅಂದೆ. ಕೂತುಕೊಂಡ. ಆ ವರ್ಷ ಪೂರ್ತಿ ಅವನು ಮತ್ತೆ ಏನನ್ನೂ ಕೇಳಲಿಲ್ಲ.

ಅವನು ಕೇಳಿದ್ದು ತುಂಟ ಪ್ರಶ್ನೆಯಾಗಿರಲಿಲ್ಲ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ನಾಣ್ಯಗಳು 20 ಎಂದು ಗೊತ್ತಾಗಬೇಕಾದರೆ ಯಾರೋ ಅವನ್ನು ಒಂದೊಂದಾಗಿ ಎಣಿಸಿದ್ದಾರೆ. ಒಟ್ಟು 64 ಎಂದು ಗೊತ್ತಾಗಬೇಕಾದರೆ ಒಂದೊಂದರ ಬೆಲೆಯನ್ನೂ ನೋಡಿ ಕೂಡಿಸಿದ್ದಾರೆ. ಇಷ್ಟೆಲ್ಲ ಮಾಡಿದವರಿಗೆ ಎರಡರವು ಎಷ್ಟು, ಐದರವು ಎಷ್ಟು ಎಂಬುದು ಮಾತ್ರ ಹೇಗೆ ತಿಳಿಯದೆ ಹೋಯಿತು? ಹುಡುಗ ಕೇಳಿದ್ದು ಇದನ್ನೇ. ಬೀಜಗಣಿತಕ್ಕೆ ಬೇಕಾದ ಮೊದಲ ಪ್ರಶ್ನೆ ಅದು. ಇಲ್ಲಿ ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು, ಗೊತ್ತಿಲ್ಲದ್ದು ಯಾಕೆ ಗೊತ್ತಿಲ್ಲ?

ನಾಣ್ಯದ ಲೆಕ್ಕವನ್ನು ಪುಸ್ತಕದಿಂದ ತೆಗೆದುಹಾಕಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ದಯವಿಟ್ಟು ಉಳಿಸಿಕೊಳ್ಳಿ. ಎರಡು ಗೊತ್ತಿಲ್ಲದ ಸಂಖ್ಯೆಗಳನ್ನು ಒಟ್ಟಿಗೆ ಹಿಡಿಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. ಒಂದು ನಾಣ್ಯ ಏಕಕಾಲಕ್ಕೆ ಎರಡು ಲೆಕ್ಕಗಳಲ್ಲಿ ಸೇರುತ್ತದೆ. ಎಣಿಕೆಯಲ್ಲಿ ಅದು ಒಂದು. ಬೆಲೆಯಲ್ಲಿ ಅದು ಐದು. ಎಣಿಕೆಯಲ್ಲಿ ಎರಡರ ನಾಣ್ಯವೂ ಐದರ ನಾಣ್ಯವೂ ಸಮ, ಬೆಲೆಯಲ್ಲಿ ಅಲ್ಲ. ಈ ಎರಡು ಲೆಕ್ಕಗಳೇ ಎರಡು ಸಮೀಕರಣಗಳು. ವಯಸ್ಸಿನ ಲೆಕ್ಕದಲ್ಲಿ, ದೋಣಿ ಮತ್ತು ಹೊಳೆಯ ಸೆಳೆತದ ಲೆಕ್ಕದಲ್ಲಿ ಮಗು ಇದನ್ನು ಕಣ್ಣಿಂದ ನೋಡಲಾರದು. ನಾಣ್ಯವನ್ನಾದರೆ ಅಂಗೈಯಲ್ಲಿಟ್ಟು ತೋರಿಸಬಹುದು.

ನನ್ನ ದೂರು ಬೇರೆ. ಅದನ್ನು ಹೇಳಲು ಇನ್ನೊಂದು ಮಗುವಿನ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಶಾಲೆ ಬಿಟ್ಟ ಮೇಲೆ ಅಮ್ಮನ ತರಕಾರಿ ಅಂಗಡಿಯಲ್ಲಿ ಕೂರುತ್ತಿದ್ದಳು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂರು ಅಂಕಕ್ಕೆ ಇಂಥದ್ದೇ ನಾಣ್ಯದ ಲೆಕ್ಕ ಬಂದಿತ್ತು. ಉತ್ತರಪತ್ರಿಕೆ ತಿದ್ದಿದ್ದು ಬೇರೆ ಶಾಲೆಯಲ್ಲಿ. ಅವಳ ಉತ್ತರ ಸರಿಯಾಗಿತ್ತು, ಅಂಕ ಮಾತ್ರ ಒಂದು. ಅವಳು ಬರೆದಿದ್ದನ್ನು ಮೇಲಿನ ಸಂಖ್ಯೆಗಳಿಗೆ ಹೊಂದಿಸಿ ಹೇಳಿದರೆ ಹೀಗೆ: ಇಪ್ಪತ್ತೂ ಎರಡು ರೂಪಾಯಿಯವೇ ಅಂದುಕೊಳ್ಳೋಣ. ಆಗ 40 ರೂಪಾಯಿ. ಆದರೆ ಇರುವುದು 64. ಇನ್ನೂ 24 ಬೇಕು. ಒಂದು ಎರಡರ ನಾಣ್ಯ ತೆಗೆದು ಐದರದ್ದು ಇಟ್ಟರೆ 3 ಹೆಚ್ಚುತ್ತದೆ. 24 ಬರಬೇಕಾದರೆ 8 ಸಲ ಹಾಗೆ ಮಾಡಬೇಕು. ಆದ್ದರಿಂದ ಐದರವು 8, ಎರಡರವು 12.

ಪಕ್ಕದಲ್ಲಿ ಕೆಂಪು ಮಸಿಯಲ್ಲಿ ‘ವಿಧಾನ?’ ಎಂದು ಬರೆದಿತ್ತು.

ವಿಧಾನ ಅಲ್ಲೇ ಇದೆ, ಮಾನ್ಯರೇ. ನೀವು ಬಯಸುವ ವರ್ಜಿಸುವ ವಿಧಾನವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಎರಡರ ನಾಣ್ಯಗಳ ಸಂಖ್ಯೆ ಎಕ್ಸ್, ಐದರವುಗಳ ಸಂಖ್ಯೆ ವೈ ಆಗಿರಲಿ.

ಎಕ್ಸ್ + ವೈ = 20
2 ಎಕ್ಸ್ + 5 ವೈ = 64

ಮೊದಲನೆಯದನ್ನು 2ರಿಂದ ಗುಣಿಸಿ ಎನ್ನುತ್ತೇವೆ. 2 ಎಕ್ಸ್ + 2 ವೈ = 40. ಈ ಸಾಲನ್ನು ಬಾಯಿಮಾತಿನಲ್ಲಿ ಹೇಳಿದರೆ ಏನಾಗುತ್ತದೆ? ಇಪ್ಪತ್ತೂ ನಾಣ್ಯಗಳಿಗೆ ಎರಡೆರಡು ರೂಪಾಯಿ ಬೆಲೆ ಕಟ್ಟಿದರೆ 40 ರೂಪಾಯಿ. ಹುಡುಗಿಯ ಮೊದಲ ವಾಕ್ಯ ಅದೇ. ಆಮೇಲೆ ಕಳೆಯಿರಿ ಎನ್ನುತ್ತೇವೆ. 3 ವೈ = 24. ಒಂದೊಂದು ಬದಲಾವಣೆಗೆ 3ರಂತೆ ಹೆಚ್ಚಬೇಕಾದದ್ದು 24 ಎಂಬ ಅವಳ ಮಾತು ಅದೇ. ಕೊನೆಗೆ 8. ಅವಳ ಕನ್ನಡದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ, ಒಂದು ಹೆಜ್ಜೆಯೂ ಕಡಿಮೆಯಿಲ್ಲ. ಅವಳು ಬಿಟ್ಟದ್ದು ಎರಡು ಅಕ್ಷರಗಳನ್ನು.

ಅವಳ ಉತ್ತರಪತ್ರಿಕೆ ಕೈಗೆ ಬರುವವರೆಗೆ ನಾನೂ ಅದನ್ನು ಹೀಗೆ ಕಂಡಿರಲಿಲ್ಲ. ‘ಮೊದಲ ಸಮೀಕರಣವನ್ನು 2ರಿಂದ ಗುಣಿಸಿ’ ಎಂದು ಎಷ್ಟೋ ವರ್ಷ ಹೇಳಿದ್ದೆ. ಯಾಕೆ ಗುಣಿಸಬೇಕು ಎಂದು ಯಾರಾದರೂ ಕೇಳಿದರೆ, ಎಕ್ಸ್ ಹೋಗಿಬಿಡಲಿ ಅಂತ ಎನ್ನುತ್ತಿದ್ದೆ. ಎಕ್ಸ್ ಹೋಗುವುದು ಅದರ ಫಲ. ಕಾರಣ ಅದಲ್ಲ. ಎಲ್ಲವೂ ಒಂದೇ ಬಗೆಯ ನಾಣ್ಯಗಳೆಂದು ಒಂದು ಗಳಿಗೆ ಭಾವಿಸಿ, ಆ ಭಾವನೆಗೂ ನಿಜಕ್ಕೂ ಇರುವ ಅಂತರವನ್ನು ಅಳೆಯುವುದು ಕಾರಣ. ಈ ಕಾರಣ ಕೇಳಿಸಿಕೊಂಡ ಮಕ್ಕಳು ಮುಂದೆ ಯಾವುದನ್ನು ಯಾವುದರಿಂದ ಗುಣಿಸಬೇಕು ಎಂದು ಬಾಯಿಪಾಠ ಮಾಡುವುದಿಲ್ಲ. 5ರಿಂದ ಗುಣಿಸಿದರೂ ಆಗುತ್ತದಲ್ಲ ಸಾರ್, ಎಲ್ಲ ಐದರವೇ ಅಂದುಕೊಂಡರೆ ಆಯಿತು ಎಂದು ತಾವೇ ಹೇಳುತ್ತಾರೆ. ಆಗ 100 ರೂಪಾಯಿ, 36 ಹೆಚ್ಚಾಯಿತು, ಮೂರು ಮೂರರಂತೆ ಇಳಿಸಿದರೆ 12 ಎರಡರ ನಾಣ್ಯ. ತಾಳೆಯಾಯಿತು.

ಇದು ಎಲ್ಲ ಕಡೆಯೂ ನಡೆಯುತ್ತದೆ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ ಒಬ್ಬಾಕೆ ಬ್ಯಾಂಕಿಗೆ ಹೋಗಿ 2000 ರೂಪಾಯಿ ತೆಗೆಯುವ ಲೆಕ್ಕವಿದೆ. 50ರ ಮತ್ತು 100ರ ನೋಟುಗಳೇ ಬೇಕೆನ್ನುತ್ತಾಳೆ, 25 ನೋಟು ಸಿಗುತ್ತವೆ. ಎಲ್ಲ ಐವತ್ತರವಾದರೆ 1250. ಉಳಿದ 750ಕ್ಕೆ 15 ನೋಟು ನೂರರವು. ಎಂಟನೇ ತರಗತಿಗೆ ವರ್ಷಗಟ್ಟಲೆ ಓದಿಸಿದ ಪುಸ್ತಕದಲ್ಲಿ ಇನ್ನೊಂದಿತ್ತು. ಐದರ ನಾಣ್ಯಗಳ ಮೂರರಷ್ಟು ಎರಡರ ನಾಣ್ಯಗಳಿವೆ, ಒಟ್ಟು 77 ರೂಪಾಯಿ. ನಮ್ಮ ಮಕ್ಕಳು ಅದಕ್ಕೆ ಗಂಟು ಕಟ್ಟಿದರು. ಒಂದು ಐದು, ಮೂರು ಎರಡು ಸೇರಿಸಿ ಒಂದು ಗಂಟು, ಅದರ ಬೆಲೆ 11. 77ರಲ್ಲಿ ಏಳು ಗಂಟು. ಐದರವು 7, ಎರಡರವು 21. ಒಂದೇ ಉಸಿರಿನಲ್ಲಿ ಮುಗಿಯಿತು.

ಹಾಗಾದರೆ ಎಕ್ಸ್, ವೈ ಯಾಕೆ ಬೇಕು ಎಂದು ನೀವು ಕೇಳಬಹುದು. ಬೇಕೇ ಬೇಕು. ಮೂರು ಬಗೆಯ ನಾಣ್ಯ ಬಂದಾಗ, ಬೆಲೆಗಳು ಭಿನ್ನರಾಶಿಯಾದಾಗ ಬಾಯಿಲೆಕ್ಕ ದಣಿಯುತ್ತದೆ. ಅಕ್ಷರ ದಣಿಯುವುದಿಲ್ಲ. ಆದರೆ ಮಗು ಈಗಾಗಲೇ ನಡೆದ ದಾರಿಗೆ ಅಕ್ಷರಗಳು ಕಲ್ಲು ಹಾಸಬೇಕು. ಆ ದಾರಿಯನ್ನು ಮುಚ್ಚಿ ಬೇರೆಲ್ಲಿಂದಲೋ ಹೊಸ ರಸ್ತೆ ತೆಗೆಯಬಾರದು. ತಿದ್ದುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮಗು ಮಾತಿನಲ್ಲಿ ಸರಿಯಾಗಿ ವಿವರಿಸಿದ್ದರೆ ಆ ಮಾತನ್ನು ವಿಧಾನವೆಂದು ಒಪ್ಪಿ ಪೂರ್ತಿ ಅಂಕ ಕೊಡಿ. ಸಮೀಕರಣ ಬರೆದೇ ಬಿಡಿಸಬೇಕು ಎಂದಿದ್ದರೆ ಅದನ್ನು ಪ್ರಶ್ನೆಯಲ್ಲೇ ಹೇಳಿ.

ಇನ್ನು ಅಕ್ಷರದ ವಿಚಾರ. ನಾಣ್ಯದ ಲೆಕ್ಕದಲ್ಲಿ ಮಕ್ಕಳು ಸೋಲುವುದು ಬಿಡಿಸುವಾಗ ಅಲ್ಲ, ಬರೆಯುವಾಗ. ‘ಎಕ್ಸ್ ಎಂದರೆ ಏನು?’ ಎಂದು ಕೇಳಿ ನೋಡಿ. ‘ಎರಡು ರೂಪಾಯಿ ನಾಣ್ಯ ಸಾರ್’ ಎನ್ನುತ್ತಾರೆ. ಅಲ್ಲೇ ಎಡವಟ್ಟು. ಎಕ್ಸ್ ನಾಣ್ಯವಲ್ಲ, ನಾಣ್ಯಗಳ ಸಂಖ್ಯೆ. ಒಂದು ವರ್ಷ ಸುಲಭವಾಗಲಿ ಎಂದು ಎರಡರ ನಾಣ್ಯಕ್ಕೆ ‘ಎ’, ಐದರ ನಾಣ್ಯಕ್ಕೆ ‘ಐ’ ಎಂದು ಅಕ್ಷರ ಕೊಟ್ಟೆ. ತಪ್ಪು ಇಮ್ಮಡಿಯಾಯಿತು. ಅಕ್ಷರ ನಾಣ್ಯದ ಹೆಸರಿನ ಚೀಟಿಯೇ ಆಗಿಬಿಟ್ಟಿತು. ಐದರ ನಾಣ್ಯಗಳ ಮೂರರಷ್ಟು ಎರಡರ ನಾಣ್ಯಗಳಿವೆ ಎಂದರೆ ಅರ್ಧ ತರಗತಿ ‘3ಎ = ಐ’ ಎಂದು ಬರೆಯಿತು. ಮೂರು ಎರಡರ ನಾಣ್ಯಗಳಿಗೆ ಒಂದು ಐದರ ನಾಣ್ಯ ಎಂದು ಅವರು ಬರೆದದ್ದು ಚಿತ್ರ, ಸಮೀಕರಣವಲ್ಲ. ಬರೆಯಬೇಕಾದದ್ದು ‘ಎ = 3ಐ’.

ಇದು ನಮ್ಮ ಹಳ್ಳಿ ಮಕ್ಕಳ ದಡ್ಡತನ ಎಂದು ಯಾರೂ ತಿಳಿಯಬಾರದು. 1980ರ ಆಸುಪಾಸಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಅವರ ಜೊತೆಗಾರರು ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಹೀಗೆ ಕೇಳಿದ್ದರು: ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ, ಇದನ್ನು ಸಮೀಕರಣದಲ್ಲಿ ಬರೆಯಿರಿ. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ತಪ್ಪಿದರು. ಅವರಲ್ಲಿ ಹೆಚ್ಚಿನವರು ಮಾಡಿದ್ದು ಇದೇ ತಿರುವುಮುರುವು.

ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಗಳಿಗೆ ಬಣ್ಣಗಳ ಹೆಸರಿಡುತ್ತಿದ್ದರು. ಮೊದಲನೆಯದು ಯಾವತ್ತಾವತ್, ಎಷ್ಟೋ ಅಷ್ಟು. ಆಮೇಲೆ ಕಾಲಕ, ನೀಲಕ, ಪೀತಕ: ಕಪ್ಪು, ನೀಲಿ, ಹಳದಿ. ಬಣ್ಣಕ್ಕೂ ವಸ್ತುವಿಗೂ ಸಂಬಂಧವಿಲ್ಲದ್ದರಿಂದ ಅದು ವಸ್ತುವಿನ ಹೆಸರಾಗಿ ಅಂಟಿಕೊಳ್ಳುವ ಭಯವಿಲ್ಲ. ‘ಎಷ್ಟೋ ಅಷ್ಟು’ ಎಂಬ ಹೆಸರನ್ನಂತೂ ನಾನು ತರಗತಿಯಲ್ಲಿ ಬಳಸುತ್ತೇನೆ. ಅದು ಸಂಖ್ಯೆಯೇ ಹೊರತು ಸಾಮಾನಲ್ಲ ಎಂಬುದು ಆ ಮಾತಿನಲ್ಲೇ ಇದೆ.

ಪ್ರಶ್ನೆ ಬರೆಯುವವರು ಭಾಷೆಯನ್ನೂ ಸ್ವಲ್ಪ ಗಮನಿಸಬೇಕು. ‘ಐದರ ನಾಣ್ಯಗಳಿಗಿಂತ ಎರಡರ ನಾಣ್ಯಗಳು ಮೂರು ಪಟ್ಟು ಹೆಚ್ಚು’ ಎಂದು ಬರೆದರೆ ಏನರ್ಥ? ಮೂರರಷ್ಟೋ, ಮೂರರಷ್ಟು ಇನ್ನೂ ಸೇರಿ ನಾಲ್ಕರಷ್ಟೋ? ಮನೆಯಲ್ಲಿ ಹಾಗೆ ಮಾತಾಡುತ್ತೇವೆ, ಯಾರಿಗೂ ತೊಂದರೆಯಿಲ್ಲ. ಲೆಕ್ಕದಲ್ಲಿ ಮಗು ಮೂರು ಅಂಕ ಕಳೆದುಕೊಳ್ಳುತ್ತದೆ. ‘ಮೂರರಷ್ಟು’ ಎಂಬ ಒಳ್ಳೆಯ ಶಬ್ದ ಇರುವಾಗ ಬೇರೆಯದಕ್ಕೆ ಕೈಹಾಕಬೇಡಿ. ಹಾಗೆಯೇ 50 ಪೈಸೆ ಮತ್ತು 1 ರೂಪಾಯಿ ಕೊಟ್ಟು, ಒಟ್ಟನ್ನು ರೂಪಾಯಿಯಲ್ಲಿ ಹೇಳುವ ಲೆಕ್ಕಗಳಿವೆ. ಅದು ಪೈಸೆ-ರೂಪಾಯಿಯ ಪರೀಕ್ಷೆಯಾಗುತ್ತದೆ, ಎರಡು ಸಮೀಕರಣಗಳ ಪರೀಕ್ಷೆಯಾಗುವುದಿಲ್ಲ. ಎರಡನ್ನೂ ಒಂದೇ ದಿನ ಕೇಳಬೇಕೆಂದಿಲ್ಲ.

ಒಮ್ಮೆ ಅಭ್ಯಾಸದ ಹಾಳೆಯೊಂದರಲ್ಲಿ 64ರ ಬದಲು 65 ಎಂದು ಅಚ್ಚಾಗಿತ್ತು. ಮಕ್ಕಳು ಬಿಡಿಸಿದರು. 3 ವೈ = 25. ವೈ = ಎಂಟೂ ಮೂರನೇ ಒಂದು. ಹೆಚ್ಚಿನವರು ಅದನ್ನೇ ಉತ್ತರವೆಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಮೂರನೇ ಒಂದು ಭಾಗದ ನಾಣ್ಯ ಯಾರ ಕಣ್ಣಿಗೂ ಬೀಳಲಿಲ್ಲ, ಒಬ್ಬನನ್ನು ಬಿಟ್ಟು. ‘ಎಣಿಸಿದವರು ಎಲ್ಲೋ ತಪ್ಪಿದ್ದಾರೆ ಸಾರ್’ ಅಂದ. ಎಷ್ಟು ರೂಪಾಯಿ ಬಂದರೆ ಸರಿಹೋಗುತ್ತದೆ ಎಂದೂ ಹೇಳಿದ: 40ರಿಂದ ಮೂರು ಮೂರು ಏರಬೇಕು, 61, 64, 67. ಅವನ ಒಂದು ಮಾತು ಆ ಅಧ್ಯಾಯಕ್ಕೆ ಬೆಳಕು ಹಿಡಿಯಿತು. ಅಂದಿನಿಂದ ವರ್ಷಕ್ಕೊಂದು ಸಲ ಬೇಕೆಂದೇ ತಪ್ಪು ಮೊತ್ತ ಕೊಟ್ಟು, ‘ಈ ಜೇಬು ಸಾಧ್ಯವೇ?’ ಎಂದು ಕೇಳುತ್ತೇನೆ. ನಿಮ್ಮ ಪುಸ್ತಕದಲ್ಲೂ ಅಂಥ ಒಂದು ಪ್ರಶ್ನೆ ಇರಲಿ.

ಈಗ ಮೊದಲ ಹುಡುಗನ ಪ್ರಶ್ನೆಗೆ ಬರುತ್ತೇನೆ. ಎಣಿಸಬಾರದೇಕೆ?

ಇದಕ್ಕೆ ಉತ್ತರ ಕೊಟ್ಟವರೊಬ್ಬರು ನಮ್ಮ ನಾಡಿನವರೇ. ಕ್ರಿಸ್ತಶಕ 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಲೆಕ್ಕವಿದೆ. ಮೂವರು ವರ್ತಕರು ದಾರಿಯಲ್ಲಿ ಹೋಗುತ್ತಿದ್ದಾರೆ. ದಾರಿಯಲ್ಲಿ ಒಂದು ಹಣದ ಚೀಲ ಬಿದ್ದಿದೆ. ಈ ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಕೂಡಿಸಿದರೆ ಎಷ್ಟೋ ಅದರ ಎರಡರಷ್ಟು ನನ್ನಲ್ಲಿರುತ್ತದೆ ಎನ್ನುತ್ತಾನೆ ಒಬ್ಬ. ನನಗೆ ಸಿಕ್ಕರೆ ಮೂರರಷ್ಟು ಎನ್ನುತ್ತಾನೆ ಇನ್ನೊಬ್ಬ. ಐದರಷ್ಟು ಎನ್ನುತ್ತಾನೆ ಮೂರನೆಯವನು. ಚೀಲದಲ್ಲಿ ಎಷ್ಟು, ಒಬ್ಬೊಬ್ಬನಲ್ಲಿ ಎಷ್ಟು?

ಚೀಲದಲ್ಲಿ 15, ಅವರಲ್ಲಿ ಕ್ರಮವಾಗಿ 1, 3, 5. ಕೂಡಿ ನೋಡಿ. 15 ಮತ್ತು 1 ಸೇರಿ 16, ಅದು 3 ಮತ್ತು 5ರ ಎರಡರಷ್ಟು. 15 ಮತ್ತು 3 ಸೇರಿ 18, ಅದು 1 ಮತ್ತು 5ರ ಮೂರರಷ್ಟು. 15 ಮತ್ತು 5 ಸೇರಿ 20, ಅದು 1 ಮತ್ತು 3ರ ಐದರಷ್ಟು. ಎಲ್ಲವನ್ನೂ ಇಮ್ಮಡಿಸಿ 30, 2, 6, 10 ಎಂದರೂ ನಡೆಯುತ್ತದೆ. ಒಂದು ಲೆಕ್ಕಕ್ಕೆ ಒಂದೇ ಉತ್ತರ ಎಂದು ನಂಬಿದ ಮಗುವಿಗೆ ಇದೂ ಒಂದು ಪಾಠ.

ನನ್ನನ್ನು ಸೆಳೆದದ್ದು ಬೇರೆ. ಇಲ್ಲಿ ಚೀಲವನ್ನು ಯಾರೂ ಇನ್ನೂ ಎತ್ತಿಕೊಂಡಿಲ್ಲ. ಅದು ನೆಲದ ಮೇಲಿದೆ. ಆದ್ದರಿಂದ ಎಣಿಸಲಾಗದು. ಗೊತ್ತಿಲ್ಲದ್ದು ಗೊತ್ತಿಲ್ಲದಿರುವುದಕ್ಕೆ ಕಥೆಯೊಳಗೇ ಕಾರಣವಿದೆ. ಹನ್ನೊಂದು ನೂರು ವರ್ಷಗಳ ಹಿಂದೆ ನಮ್ಮ ಹುಡುಗನ ಪ್ರಶ್ನೆಯನ್ನು ಕೇಳಿಸಿಕೊಂಡು ಲೆಕ್ಕ ಕಟ್ಟಿದಂತಿದೆ.

ಅದೇ ಗ್ರಂಥದ ಇನ್ನೊಂದು ಲೆಕ್ಕವನ್ನು ಹತ್ತನೇ ತರಗತಿ ಪುಸ್ತಕದಲ್ಲಿ ಹಾಗೆಯೇ ಸೇರಿಸಬಹುದು. 9 ಮಾದಳದ ಹಣ್ಣು ಮತ್ತು 7 ಬೇಲದ ಹಣ್ಣಿನ ಬೆಲೆ ಸೇರಿ 107. 7 ಮಾದಳ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಸಂತೆಯಲ್ಲಿ ಒಟ್ಟು ದುಡ್ಡು ಮಾತ್ರ ನೆನಪಿಟ್ಟುಕೊಂಡು ಮನೆಗೆ ಬರುವವರ ಲೆಕ್ಕ ಅದು. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಒಬ್ಬಳು ಗುಣಾಕಾರವನ್ನೇ ಮಾಡದೆ ಬಿಡಿಸಿದಳು. ಎರಡನ್ನೂ ಕೂಡಿದರೆ 16 ಮಾದಳ, 16 ಬೇಲಕ್ಕೆ 208. ಒಂದೊಂದು ಜೊತೆಗೆ 13. ಎರಡು ಬೇಲದ ಜಾಗದಲ್ಲಿ ಎರಡು ಮಾದಳ ಬಂದಾಗ 6 ಹೆಚ್ಚಾಗಿದೆ, ಒಂದಕ್ಕೆ 3. ಮಾದಳ 8, ಬೇಲ 5. ಬೇಲದ ಹಣ್ಣು ಈಗಲೂ ನಮ್ಮ ಕಡೆ ಸಿಗುತ್ತದೆ. ಮರುದಿನ ಯಾರೋ ಒಂದನ್ನು ತಂದು ಮೇಜಿನ ಮೇಲಿಟ್ಟಿದ್ದರು.

ಇಷ್ಟಾದ ಮೇಲೆ ನಾನೂ ಎಣಿಸಲಾಗದ ಒಂದು ಚೀಲ ತಯಾರಿಸಬೇಕೆಂದುಕೊಂಡೆ. ಅದನ್ನು ವಿವರವಾಗಿ ಹೇಳುತ್ತೇನೆ, ಯಾವ ಶಾಲೆಯಲ್ಲಾದರೂ ಮಾಡಬಹುದು.

2011ರಲ್ಲಿ ಬಂದ ಸರಣಿಯ ನಾಣ್ಯಗಳಲ್ಲಿ 2 ರೂಪಾಯಿಯದು 4.85 ಗ್ರಾಂ, 5 ರೂಪಾಯಿಯದು 6 ಗ್ರಾಂ ತೂಗುತ್ತದೆ. ಆ ಸರಣಿಯ ನಾಣ್ಯಗಳನ್ನೇ ಆರಿಸಿಕೊಳ್ಳಬೇಕು. 2019ರ ಸರಣಿಯಲ್ಲಿ ತೂಕ ಬೇರೆ, ಎರಡರದು 4.07, ಐದರದು 6.74. ಬೆರೆತರೆ ಗೊತ್ತಿಲ್ಲದ ಸಂಖ್ಯೆಗಳು ನಾಲ್ಕಾಗುತ್ತವೆ. 12 ಎರಡರವನ್ನೂ 8 ಐದರವನ್ನೂ ಒಂದು ಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಹೊಲಿದೆ. ಖಾಲಿ ಚೀಲದ ತೂಕ ಮೊದಲೇ ಬರೆದಿಟ್ಟುಕೊಂಡಿದ್ದೆ. ದಿನಸಿ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ಕೇಳಿ ತಂದೆ. ತರಗತಿಗೆ ಹೇಳಿದ್ದು ಇಷ್ಟು: ಒಳಗೆ ಎರಡರ ಮತ್ತು ಐದರ ನಾಣ್ಯಗಳಿವೆ. ಮೊತ್ತ 64 ರೂಪಾಯಿ. ನಾಣ್ಯ ಎಷ್ಟಿವೆ ಎಂದು ಹೇಳುವುದಿಲ್ಲ. ಚೀಲ ಬಿಚ್ಚುವಂತಿಲ್ಲ.

ಮೊದಲು ಅವರು ಒಂದೇ ಸಮೀಕರಣದ ಜೊತೆ ಗುದ್ದಾಡಿದರು. 2 ಎಕ್ಸ್ + 5 ವೈ = 64. ಪುಸ್ತಕದ ಪ್ರಕಾರ ಇದಕ್ಕೆ ಅಸಂಖ್ಯ ಪರಿಹಾರಗಳು. ಆದರೆ ನಾಣ್ಯ ಪೂರ್ಣಸಂಖ್ಯೆಯಲ್ಲೇ ಇರಬೇಕಲ್ಲ. 64 ಸಮ, 2 ಎಕ್ಸ್ ಸಮ, ಆದ್ದರಿಂದ ಐದರವು ಸಮಸಂಖ್ಯೆಯಲ್ಲೇ ಇರಬೇಕು ಎಂದು ಒಬ್ಬಳು ಕಂಡುಹಿಡಿದಳು. ಪಟ್ಟಿ ಸಿದ್ಧವಾಯಿತು. ಐದರವು 2 ಆದರೆ ಎರಡರವು 27. 4 ಆದರೆ 22. 6ಕ್ಕೆ 17, 8ಕ್ಕೆ 12, 10ಕ್ಕೆ 7, 12ಕ್ಕೆ 2. ಐದರದ್ದು ಒಂದೂ ಇಲ್ಲದಿದ್ದರೆ 32. ಒಟ್ಟು ಏಳೇ ಏಳು ಸಾಧ್ಯತೆ. ನಕ್ಷೆಯ ಹಾಳೆಯಲ್ಲಿ ಗುರುತಿಸಿದಾಗ ಗೆರೆಯ ಮೇಲೆ ಏಳು ಚುಕ್ಕಿ ಸಾಲಾಗಿ ಕುಳಿತವು. ಪೂರ್ಣಸಂಖ್ಯೆಯಲ್ಲಿ ಉತ್ತರ ಹುಡುಕುವ ಈ ಕೆಲಸಕ್ಕೆ ಆರ್ಯಭಟ 499ರಲ್ಲೇ ಒಂದು ಕ್ರಮ ಕೊಟ್ಟಿದ್ದ, ಮುಂದೆ ಅದಕ್ಕೆ ಕುಟ್ಟಕ ಎಂಬ ಹೆಸರಾಯಿತು, ಅಂದರೆ ಕುಟ್ಟಿ ಪುಡಿಮಾಡುವುದು ಎಂದು ಹೇಳಿದೆ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅಂದು ಇರಲಿಲ್ಲ.

ಏಳರಲ್ಲಿ ಯಾವುದು? ಆಗ ಒಬ್ಬ ತಕ್ಕಡಿ ತೋರಿಸಿದ. ಚೀಲದ ತೂಕ ಕಳೆದು 106 ಗ್ರಾಂ ಬಂತು. ಎರಡನೇ ಸಮೀಕರಣ ಸಿಕ್ಕಿತು: 4.85 ಎಕ್ಸ್ + 6 ವೈ = 106. ಕೆಲವರು ಅಕ್ಷರದಲ್ಲೇ ಬಿಡಿಸಿದರು, ಐದರವು 8.03 ಬಂತು. ಅಳತೆಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ ಎಂಬುದು ಅವರಿಗೆ ಗೊತ್ತು, ಎಂಟೇ ಎಂದರು. ಇನ್ನು ಕೆಲವರು ಪಟ್ಟಿಯ ಏಳಕ್ಕೂ ತೂಕ ಕಟ್ಟಿದರು. 6 ಐದರವಾದರೆ ಸುಮಾರು 118 ಗ್ರಾಂ, 10 ಆದರೆ ಸುಮಾರು 94. ನಡುವೆ ಹನ್ನೆರಡು ಗ್ರಾಂಗೂ ಹೆಚ್ಚು ಅಂತರ. ಸಂದೇಹಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಚೀಲದ ಹೊಲಿಗೆ ಬಿಚ್ಚಿದೆವು. ಹನ್ನೆರಡನೇ ನಾಣ್ಯ ಎಣಿಸುವಾಗ ಎದ್ದ ಕೂಗಿಗೆ ಪಕ್ಕದ ತರಗತಿಯ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು.

ನೋಡಿ, ಎಣಿಸುವುದು ಬೇಡ ಎಂದು ನಾವು ಹೇಳಲೇ ಇಲ್ಲ. ಕೊನೆಗೆ ಎಣಿಸಿದೆವು. ತಾಳೆ ನೋಡುವುದೆಂದರೆ ಅದು. ಪುಸ್ತಕದಲ್ಲಿ ‘ತಾಳೆ ನೋಡಿ’ ಎಂಬುದು ಉತ್ತರದ ಕೆಳಗಿನ ಒಣ ಸಾಲು. ಅಂದು ಅದಕ್ಕಾಗಿ ಮಕ್ಕಳು ಮೇಜಿನ ಸುತ್ತ ಮುಗಿಬಿದ್ದಿದ್ದರು.

ನಾಣ್ಯಗಳ ಬಗ್ಗೆಯೇ ಎರಡು ಮಾತು. ಇಂದಿಗೂ ಕೆಲವು ಅಭ್ಯಾಸ ಪುಸ್ತಕಗಳಲ್ಲಿ ನಾಲ್ಕಾಣೆಯ ಲೆಕ್ಕ ಬರುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಈಗ ಹತ್ತನೇ ತರಗತಿಯಲ್ಲಿರುವ ಮಗು ಅದನ್ನು ಕೊಟ್ಟು ಏನನ್ನೂ ಕೊಂಡಿಲ್ಲ. ಎಂಟಾಣೆ ಕಾನೂನಿನಂತೆ ಇನ್ನೂ ನಡೆಯುತ್ತದೆ, ಅಂಗಡಿಯಲ್ಲಿ ನಡೆಯುವುದಿಲ್ಲ. 1, 2, 5, 10 ಇವೆ. 2020ರಿಂದ ಹನ್ನೆರಡು ಮೂಲೆಯ 20 ರೂಪಾಯಿ ನಾಣ್ಯವೂ ಇದೆ. ಇವನ್ನೇ ಬಳಸಿ. ಮನೆಯಲ್ಲಿ ಅಪ್ಪ ಅಮ್ಮ ಫೋನಿನಲ್ಲೇ ದುಡ್ಡು ಕೊಡುವುದನ್ನು ನೋಡಿ ಬೆಳೆದ ಮಕ್ಕಳು ಚಿಲ್ಲರೆ ಮುಟ್ಟುವುದೇ ಅಪರೂಪವಾಗಿದೆ. ಹಾಗಾಗಿ ಲೆಕ್ಕಕ್ಕೆ ಮೊದಲು ನಾಲ್ಕು ನಿಜವಾದ ನಾಣ್ಯಗಳನ್ನು ಅವರ ಕೈಗೆ ಕೊಡುವುದನ್ನು ಶಿಕ್ಷಕರ ಕೈಪಿಡಿಯಲ್ಲಿ ಬರೆಯಿರಿ.

ಚೀಲದ ಪ್ರಯೋಗ ಮಾಡಿದ ವಾರ ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೆ. ನಾಣ್ಯದ ಲೆಕ್ಕವೊಂದನ್ನು ನೀವೇ ಬರೆದು ತನ್ನಿ, ಆದರೆ ಯಾಕೆ ಎಣಿಸಲಾಗದು ಎಂಬುದು ಅದರಲ್ಲೇ ಇರಬೇಕು. ಮುಂದಿನ ಆವೃತ್ತಿಗೆ ನಿಮಗೆ ಬೇಕಾದರೆ ಇರಲಿ ಎಂದು ಒಂದನ್ನು ಇಲ್ಲಿ ಸೇರಿಸಿದ್ದೇನೆ. ಬರೆದ ಹುಡುಗಿಯ ಮಾತನ್ನು ಬದಲಿಸಿಲ್ಲ.

‘ನಮ್ಮಜ್ಜಿ ಮಣ್ಣಿನ ಹುಂಡಿಗೆ 5 ರೂಪಾಯಿ ಮತ್ತು 10 ರೂಪಾಯಿ ನಾಣ್ಯ ಹಾಕುತ್ತಾರೆ. ಒಂದು ನಾಣ್ಯ ಹಾಕಿದರೆ ಗೋಡೆಗೆ ಇದ್ದಿಲಿನಲ್ಲಿ ಒಂದು ಗೀಟು. 46 ಗೀಟು ಇವೆ. ದುಡ್ಡನ್ನು ಬಾಯಲ್ಲೇ ಕೂಡಿಸಿಕೊಂಡು ಬಂದಿದ್ದಾರೆ, 310 ರೂಪಾಯಿ ಆಗಿದೆಯಂತೆ. ಜಾತ್ರೆಗೆ ಮುಂಚೆ ಹುಂಡಿ ಒಡೆಯುವ ಹಾಗಿಲ್ಲ. ಆದರೆ ಜಾತ್ರೆಯ ಬಳೆ ಅಂಗಡಿಯವರು ಹತ್ತರ ನಾಣ್ಯ ಬೇಡ ಅನ್ನುತ್ತಾರೆ. ಹತ್ತರವು ಎಷ್ಟಿವೆ ಅಂತ ಅಜ್ಜಿಗೆ ಈಗಲೇ ಗೊತ್ತಾಗಬೇಕು. ಹೇಳಿ.’

ಇತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕ